ಒಂದೇ ಸಲ ಬಂದ ಕೆಂಪು

ಫೆಬ್ರವರಿ 4

ಅಕ್ಕನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀನೂ ನಿಮ್ಮ ಮಾವನವರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಕೆಲಸದ ಮಾತು.

ನಮ್ಮ ಇಂಗ್ಲಿಷ್ ನಿಘಂಟು ಎಸ್ ಅಕ್ಷರಕ್ಕೆ ಬಂದು, ಕೆಸರಿನಲ್ಲಿ ಸಿಕ್ಕಿದ ಎತ್ತಿನ ಹಾಗೆ ನಿಂತುಬಿಟ್ಟಿದೆ. ಕಾರಣ ಒಂದು ಪದ. ಸೆರೆಂಡಿಪಿಟಿ. ಹೆಸರು ಕೇಳಿದರೆ ಹೊಟ್ಟೆನೋವಿನ ಔಷಧಿಯ ಹಾಗಿದೆ, ಅರ್ಥ ಮಾತ್ರ ಸಿಹಿ. ಒಂದನ್ನು ಹುಡುಕಿಕೊಂಡು ಹೋದವನಿಗೆ, ಅವನು ಹುಡುಕದೇ ಇದ್ದ ಇನ್ನೊಂದು ಒಳ್ಳೆಯದು ಸಿಕ್ಕುವುದು. ಇದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ? 'ಅದೃಷ್ಟ' ಎನ್ನೋಣವೆಂದರೆ ಲಾಟರಿ ಹೊಡೆದವನಿಗೂ ಅದೇ, ಬಸ್ಸಿನಲ್ಲಿ ಸೀಟು ಸಿಕ್ಕವನಿಗೂ ಅದೇ. 'ಹುಡುಕುವ ಬಳ್ಳಿ ಕಾಲಿಗೆ ತೊಡರಿತು' ಎನ್ನೋಣವೆಂದರೆ ಅವನು ಹುಡುಕುತ್ತಿದ್ದದ್ದು ಬಳ್ಳಿಯನ್ನೇ. 'ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ' ಎಂದರೆ ಅಲ್ಲಿ ಲಾಭ ಕಾಗೆಗೂ ಇಲ್ಲ, ಕೊಂಬೆಗೂ ಇಲ್ಲ. ಪಕ್ಕದ ಮೇಜಿನ ಪಂಡಿತರು, ಮರದ ಹುಳು ಕೊರೆದದ್ದು ಅಕ್ಷರದ ಹಾಗೆ ಕಂಡರೆ ಅದಕ್ಕೆ ಸಂಸ್ಕೃತದಲ್ಲಿ ಒಂದು ಹೆಸರಿದೆ, ಅದನ್ನೇ ಹಾಕಿ ಎಂದರು. ಹುಳುವಿಗೆ ಓದಲು ಬರಬೇಕಲ್ಲ ಸ್ವಾಮಿ ಎಂದೆ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಅಜ್ಜಿ ಹೇಳುತ್ತಿದ್ದ ಕಥೆ ನೆನಪಿದೆಯಾ? ಕಳೆದುಹೋದ ಎಮ್ಮೆಯನ್ನು ಹುಡುಕಿಕೊಂಡು ಹೋದವನು ಮೂರು ಊರು ದಾಟಿ ಹೆಂಡತಿಯನ್ನು ಕರೆದುಕೊಂಡು ಬಂದ. ಊರೆಲ್ಲ ಸೇರಿ ಹೆಣ್ಣು ಚೆಂದ, ಹೆಣ್ಣು ಚೆಂದ ಎಂದರು. ಎಮ್ಮೆ ಸಿಕ್ಕಿತಾ ಎಂದು ಒಬ್ಬರೂ ಕೇಳಲಿಲ್ಲ. ಅದೇ ಅಕ್ಕ ಈ ಪದ.

ಭಾನುವಾರದ ಪತ್ರಿಕೆಯಲ್ಲಿ ನಾನು ಬರೆಯುವ 'ಪದದ ಬಳಕೆ' ಅಂಕಣಕ್ಕೆ ಬದುಕಿನಿಂದ ಎತ್ತಿದ ಒಂದು ನಿದರ್ಶನ ಬೇಕು. ನಿಮ್ಮ ಟೈಲ್ಸ್ ಕಾರ್ಖಾನೆಯಲ್ಲಿ ಇಂಥದ್ದು ಯಾರಿಗಾದರೂ ಆಗಿದ್ದರೆ ಬರೆ.

ಹೇಳಿದ್ದನ್ನೇ ಹೇಳುವ ನಿನ್ನ ತಮ್ಮ,
ಗಿಣಿ


ಫೆಬ್ರವರಿ 16

ಗಿಣಿಗೆ ಅಕ್ಕನ ಆಶೀರ್ವಾದ.

ನಿನ್ನ ಪದವನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಭಟ್ಟಿಗೆ ಟೈಲ್ಸ್ ಜೋಡಿಸುವ ಕುಳ್ಳಿ, "ಇಷ್ಟುದ್ದದ ಅದೃಷ್ಟ ನಮಗೆ ಬೇಡಕ್ಕಾ, ತುಂಡು ತುಂಡಾಗಿ ಬಂದ್ರೆ ಸಾಕು" ಅಂದಳು.

ಆದರೆ ನೀನು ಕೇಳಿದ್ದು ನಿಜವಾಗಿಯೂ ಆಗಿದೆ, ಅದೂ ನನಗೇ. ನಮ್ಮದು ಹಸಿರು ಟೈಲ್ಸ್ ಎಂದು ನಿನಗೆ ಗೊತ್ತು. ಮೆರುಗಿನ ನೀರಿಗೆ ನಾನು ತಾಮ್ರದ ಪುಡಿ ಬೆರೆಸುತ್ತೇನೆ, ಕುಳ್ಳಿ ಜೋಡಿಸುತ್ತಾಳೆ, ಮಾವ ಕಟ್ಟಿಗೆ ಹಾಕಿ ಬೆಂಕಿ ನೋಡಿಕೊಳ್ಳುತ್ತಾರೆ. ನಿನ್ನ ಭಾವ ಹೋದ ಮೇಲೆ ಮನೆಯಲ್ಲೂ ನಾವಿಬ್ಬರೇ, ಕೆಲಸದಲ್ಲೂ ಜೊತೆಗೇ. ಈ ಹಿಂದಿನ ಭಟ್ಟಿ ಬಿಚ್ಚಿದಾಗ ಹಸಿರು ಇರಲಿಲ್ಲ. ಪೂರ್ತಿ ಕೆಂಪು. ಎಂಥ ಕೆಂಪು ಅಂದರೆ, ಮಾಗಿದ ದಾಳಿಂಬೆಯನ್ನು ಆಗತಾನೆ ಬಿಡಿಸಿದ ಹಾಗೆ, ಒಳಗಿನಿಂದ ಬೆಳಕು ಬರುವ ಕೆಂಪು. ಕುಳ್ಳಿ ಕೈಯಲ್ಲಿದ್ದದ್ದನ್ನು ಕೆಳಗಿಡುವುದನ್ನೇ ಮರೆತಳು. ಮೊದಲು ಹಾಳಾಯಿತು ಎಂದೇ ನಾವು ಹೆದರಿದ್ದೆವು. ಮಾಲೀಕರು ಬಂದರು, ಒಂದನ್ನು ಎತ್ತಿ ಕಿಟಕಿಯ ಹತ್ತಿರ ಹಿಡಿದರು. ಮರುದಿನ ಒಬ್ಬ ದೊಡ್ಡ ಕಟ್ಟಡದವರನ್ನು ಕರೆದುಕೊಂಡು ಬಂದರು. ಅವರಿಗೆ ಇಡೀ ಹಜಾರಕ್ಕೆ ಇದೇ ಬೇಕಂತೆ.

ಎಲ್ಲರೂ ನನ್ನ ಕೈಗುಣ ಎನ್ನುತ್ತಿದ್ದಾರೆ. ನಾನು ಮಾಡಿದ್ದು ಯಾವಾಗಲೂ ಮಾಡುವುದನ್ನೇ.

ಮಾವ ಮಾತ್ರ ಬಂದು ನೋಡಲಿಲ್ಲ. ಆ ಸಲದ ಬೆಂಕಿ ಮುಗಿದಾಗಿನಿಂದ ತಲೆನೋವು ಎಂದು ಮಲಗುತ್ತಾರೆ. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿಯುತ್ತದೆ. ಬಿಸಿಲಿಗೆ ಅಂತಾರೆ. ಜೀವಮಾನವೆಲ್ಲ ಬೆಂಕಿಯ ಮುಂದೆ ಕೂತವರಿಗೆ ಬಿಸಿಲು ಏನು ಮಾಡೀತು?

ಅಕ್ಕ


ಫೆಬ್ರವರಿ 22

ಅಕ್ಕಾ,

ನಿನ್ನ ಪತ್ರ ಓದಿ ಕುರ್ಚಿಯಿಂದ ಎದ್ದು ನಿಂತೆ. ಪಂಡಿತರು ಮೌನವ್ರತ ಮುರಿದು "ಏನಾಯ್ತು ಮಾರಾಯ, ಚೇಳು ಕಡಿಯಿತಾ?" ಎಂದು ಕೇಳಿದರು. ಇದೇ ನನಗೆ ಬೇಕಾಗಿದ್ದದ್ದು. ಹಸಿರು ಹುಡುಕಿದವಳಿಗೆ ಕೆಂಪು ಸಿಕ್ಕಿತು. ನಿಘಂಟಿನಲ್ಲಿ ನಿನ್ನದೇ ವಾಕ್ಯ ಹಾಕುತ್ತೇನೆ.

ಆದರೆ ಒಂದು ಮಾತು ಕೇಳು. ಈ ಪದ ಬರೀ ಅದೃಷ್ಟವಲ್ಲ. ಅದರಲ್ಲಿ ಅರ್ಧ ಅದೃಷ್ಟ, ಇನ್ನರ್ಧ ಕಣ್ಣು. ಎಡವಿದ ಕಲ್ಲನ್ನು ಬೈದು ಮುಂದೆ ಹೋಗುವವರೇ ಹೆಚ್ಚು. ಬಗ್ಗಿ ನೋಡಿದವನಿಗೆ ಮಾತ್ರ ಅದು ರತ್ನ ಎಂದು ಗೊತ್ತಾಗುವುದು. ಕಾರಣ ಗೊತ್ತಾಗದಿದ್ದರೆ ಆ ಕೆಂಪು ಒಂದೇ ಸಲದ್ದು. ಗೊತ್ತಾದರೆ ಅದು ನಿನ್ನದು.

ಹಾಗಾಗಿ ಕೂತು ನೆನಪು ಮಾಡಿಕೋ. ಆ ದಿನ ಬೇರೆಯಾಗಿದ್ದದ್ದು ಏನು? ಪುಡಿಯಾ, ನೀರಾ, ಕಟ್ಟಿಗೆಯಾ, ಗಾಳಿಯಾ? ಒಂದೊಂದನ್ನೇ ತೆಗೆದು ನೋಡು. ಎಲ್ಲೋ ಒಂದು ಕಡೆ ಅದು ಕೂತಿರುತ್ತದೆ. ಸಿಕ್ಕ ಕೂಡಲೇ ಬರೆ. ಕಾಯುತ್ತಿರುತ್ತೇನೆ.

ಗಿಣಿ


ಮಾರ್ಚ್ 12

ಗಿಣಿಗೆ,

ತಡವಾಯಿತು. ಕೆಲಸ ಹೆಚ್ಚು. ಕೆಂಪಿಗೆಂದೇ ಮೂರು ಭಟ್ಟಿ ಹಾಕಿದ್ದಾಯಿತು. ಮೂರೂ ಹಸಿರೇ. ಮಾಲೀಕರು ಈಗ ನಾನು ಪುಡಿ ತೂಗುವಾಗ ಪಕ್ಕದಲ್ಲಿ ನಿಲ್ಲುತ್ತಾರೆ.

ನೀನು ಕೇಳಿದ್ದಕ್ಕೆ: ಆ ದಿನ ಬೇರೆ ಏನೂ ಇರಲಿಲ್ಲ. ಎಲ್ಲಾ ಯಾವತ್ತಿನ ಹಾಗೆಯೇ. ಈ ವಿಷಯ ಇಲ್ಲಿಗೆ ಬಿಡು. ಅಂಕಣಕ್ಕೆ ಬೇರೆ ಯಾರದಾದರೂ ಕಥೆ ನೋಡಿಕೋ.

ಮಾವ ಕೆಲಸಕ್ಕೆ ಬರುತ್ತಿದ್ದಾರೆ. ಮೊನ್ನೆ ಶರ್ಟಿನ ಗುಂಡಿಯನ್ನೆಲ್ಲ ಒಂದೊಂದು ತೂತು ತಪ್ಪಿಸಿ ಹಾಕಿಕೊಂಡು ಬಂದಿದ್ದರು. ಹೇಳಿದರೆ ಸುಮ್ಮನೆ ನಕ್ಕರು. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ.

ಅಕ್ಕ


ಮಾರ್ಚ್ 18

ಅಕ್ಕಾ,

ನಿನ್ನ ಪತ್ರದಲ್ಲಿ ಉಪ್ಪೇ ಇರಲಿಲ್ಲ. ಚಿಕ್ಕಂದಿನಲ್ಲಿ ನೀನು ಬೆಲ್ಲ ಕದ್ದು ತಿಂದಾಗ ಹೀಗೆಯೇ ಚಿಕ್ಕ ಚಿಕ್ಕ ಮಾತಾಡುತ್ತಿದ್ದೆ. ಬಾಯಿ ದೊಡ್ಡದು ಮಾಡಿದರೆ ಬೆಲ್ಲ ಕಾಣುತ್ತದಲ್ಲ.

ಸಿಕ್ಕಿದೆ, ಅಲ್ಲವಾ? ಕಾರಣ ಸಿಕ್ಕಿದೆ, ನೀನು ಹೇಳುತ್ತಿಲ್ಲ. ತಪ್ಪೇನಿಲ್ಲ. ಕಸುಬಿನವರಿಗೆ ಗುಟ್ಟು ಇರಬೇಕು. ಆದರೆ ಒಡಹುಟ್ಟಿದವನಿಂದಲೂ ಮುಚ್ಚಿಡುವಷ್ಟು ದೊಡ್ಡ ಗುಟ್ಟಾ? ನಾನೇನು ಭಟ್ಟಿ ಹಾಕುತ್ತೇನಾ? ನನಗೆ ಪದಕ್ಕೊಂದು ಕಥೆ ಬೇಕು, ಅಷ್ಟೆ.

ಮಾವನವರಿಗೆ ಗುಂಡಿ ನೋಡಿ ಹಾಕಿಕೊಳ್ಳಲು ಹೇಳು. ವಯಸ್ಸಾದವರು ಮತ್ತು ಮಂತ್ರಿಗಳು ಹೇಗೆ ಹಾಕಿಕೊಂಡರೂ ಯಾರೂ ಏನೂ ಅನ್ನುವುದಿಲ್ಲ ಬಿಡು.

ಗಿಣಿ


ಏಪ್ರಿಲ್ 2

ಅಕ್ಕಾ,

ನಿನ್ನಿಂದ ಪತ್ರವಿಲ್ಲ. ಕೋಪವಾ? ಕೋಪವಿದ್ದರೆ ಇದನ್ನು ಓದಿ ನಗು. ಹೋದ ಭಾನುವಾರದ ಅಂಕಣದ ತುಂಡು ಇಟ್ಟಿದ್ದೇನೆ. ಓದುಗರು ಪತ್ರ ಬರೆದು ಹೊಗಳಿದ್ದಾರೆ. ಸಂಪಾದಕರು ಮೊದಲ ಸಲ ಟೀ ಕೊಡಿಸಿದರು.

"…ಇನ್ನು ಬಳಕೆ. ನನ್ನ ಅಕ್ಕ ಟೈಲ್ಸ್ ಕಾರ್ಖಾನೆಯಲ್ಲಿ ಮೆರುಗು ಬೆರೆಸುವವಳು. ಹಸಿರು ಬೇಯಿಸಲು ಹೋಗಿ ಒಂದು ದಿನ ಯಾರೂ ಕಾಣದ ಕೆಂಪು ಬೇಯಿಸಿಬಿಟ್ಟಳು. ಇದು ಸೆರೆಂಡಿಪಿಟಿ. ಆ ದಿನ ಏನಾಯಿತು ಅಕ್ಕಾ ಎಂದು ಕೇಳಿ ಬರೆದೆ. ಅಲ್ಲಿಂದ ಅವಳ ಬಾಯಿಗೆ ಬೀಗ. ನನ್ನ ಅನುಮಾನ ಏನೆಂದರೆ, ಅದೃಷ್ಟ ಬರುವಾಗ ಒಂಟಿಯಾಗಿ ಬರುವುದಿಲ್ಲ, ಬೀಗವನ್ನೂ ಕೈಯಲ್ಲಿ ಹಿಡಿದೇ ಬರುತ್ತದೆ. ಬೀಗದ ಕೈ ಅವಳ ಸೊಂಟದಲ್ಲಿದೆ. ಪದದ ಅರ್ಥ ನಾನು ಕೊಟ್ಟೆ, ಕೆಂಪಿನ ಅರ್ಥ ಅವಳೇ ಕೊಡಬೇಕು."

ಹೇಗಿದೆ?

ಗಿಣಿ


ಏಪ್ರಿಲ್ 9

ಗಿಣಿ,

ನಿನ್ನ ಅಂಕಣ ನೀನು ಕಳಿಸುವ ಮೊದಲೇ ನನಗೆ ಸಿಕ್ಕಿತ್ತು. ಮಾಲೀಕರ ಮೇಜಿನ ಮೇಲೆ.

"ಇದು ನಿಮ್ಮ ತಮ್ಮನೇ ಬರೆದದ್ದಲ್ವಾ? ಓದಿ" ಅಂದರು. ನಿಂತೇ ಓದಿದೆ.

"ಅಂದ್ರೆ ನಿಮಗೆ ಗೊತ್ತಿದೆ."

"ಇಲ್ಲ ಸಾರ್, ಅವನು ತಮಾಷೆಗೆ ಬರೀತಾನೆ."

"ಸ್ವಂತ ತಮ್ಮನಿಗೇ ಹೇಳದವರು ನನಗೆ ಹೇಳ್ತೀರಾ? ಯಾವ ಕಾರ್ಖಾನೆಯವರ ಜೊತೆ ಮಾತಾಗಿದೆ?"

ಇನ್ನೆರಡು ಭಟ್ಟಿಯೊಳಗೆ ಕೆಂಪು ಬರದಿದ್ದರೆ ನಾನೂ ಮಾವನೂ ಬೇರೆ ಕಡೆ ನೋಡಿಕೊಳ್ಳಬೇಕಂತೆ. ಹೊರಗೆ ಬಂದರೆ ಕುಳ್ಳಿ ನನ್ನ ಸೊಂಟ ನೋಡಿ, "ಬೀಗದ ಕೈ ಎಲ್ಲಿಟ್ಟಿದೀಯಕ್ಕಾ" ಅಂದಳು. ನಗುತ್ತಲೇ ಅಂದಳು. ಆದರೆ ಆಮೇಲೆ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಈಗ ಕೇಳು, ನೀನು ಕೇಳಿದ್ದನ್ನು ಹೇಳುತ್ತೇನೆ.

ಆ ದಿನ ಮಧ್ಯಾಹ್ನ ಮಾವನಿಗೆ ಊಟ ತೆಗೆದುಕೊಂಡು ಹೋದೆ. ಗಾಳಿಗೆ ಬೂದಿ ಹಾರುತ್ತದೆ ಎಂದು ಬೆಂಕಿಕೋಣೆಯ ಬಾಗಿಲು ಹಾಕಿಕೊಂಡಿದ್ದರು. ತೆಗೆದರೆ ಮಾವ ಕಟ್ಟಿಗೆಯ ರಾಶಿಗೆ ಕೆನ್ನೆ ಇಟ್ಟು ಬಿದ್ದಿದ್ದರು. ಕೈಯಲ್ಲಿ ಒಂದು ಕಟ್ಟಿಗೆ ಹಿಡಿದೇ ಇದ್ದರು. ಹೋದರು ಅಂದುಕೊಂಡೆ. ಕಂಕುಳಿಗೆ ಕೈ ಹಾಕಿ ಎಳೆದು ಅಂಗಳಕ್ಕೆ ತಂದೆ. ಮುಖಕ್ಕೆ ನೀರು ಹಾಕಿದೆ. ಬಹಳ ಹೊತ್ತಿಗೆ ಕಣ್ಣು ಬಿಟ್ಟು, "ಬೆಂಕಿ ಇಳೀತಾ ಇದೆ, ಕಟ್ಟಿಗೆ ಹಾಕಮ್ಮ" ಅಂದರು.

ನಮ್ಮ ಭಟ್ಟಿಯ ಹೊಗೆಕೊಳವೆಗೆ ಅಡ್ಡವಾಗಿ ಒಂದು ಕಬ್ಬಿಣದ ಹಲಗೆ ಇದೆ. ಸರಪಳಿಯಿಂದ ಮೇಲೆಳೆದು ಕೊಕ್ಕೆಗೆ ಸಿಕ್ಕಿಸಿದರೆ ಹೊಗೆ ಹೊರಗೆ ಹೋಗುತ್ತದೆ. ಕೊಕ್ಕೆ ಸವೆದಿದೆ ಎಂದು ಮಾವ ಎಷ್ಟೋ ಸಲ ಹೇಳಿದ್ದರು. ಯಾರೂ ಹಾಕಿಸಲಿಲ್ಲ, ಇವರೇ ತಂತಿ ಸುತ್ತಿಕೊಂಡಿದ್ದರು. ಅವತ್ತು ತಂತಿ ಬಿಟ್ಟು ಹಲಗೆ ಕೆಳಗೆ ಬಿದ್ದಿತ್ತು. ಹೊಗೆಗೆ ದಾರಿ ಇಲ್ಲ. ಬೆಂಕಿ ಮಂಕಾದದ್ದು ಕಂಡು ಇವರು ಕಟ್ಟಿಗೆ ಹಸಿಯಿದೆ ಅಂದುಕೊಂಡು ಇನ್ನಷ್ಟು ತುಂಬಿದ್ದಾರೆ. ತುಂಬಿದಷ್ಟೂ ಹೊಗೆ ಕೋಣೆಗೆ ತಿರುಗಿದೆ. ನಾನೇ ಹೋಗಿ ಹಲಗೆ ಮೇಲೆಳೆದು ಕಟ್ಟಿದೆ, ನಾನೇ ಬೆಂಕಿ ಮುಗಿಸಿದೆ.

"ಯಾರಿಗೂ ಹೇಳಬೇಡಮ್ಮ" ಅಂದರು ಮಾವ. "ಬೆಂಕಿ ಮುಂದೆ ನಿದ್ದೆ ಮಾಡಿದ ಅಂತಾರೆ. ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸ್ತಾರೆ." ಅವರು ಈಗಲೂ ಅದು ನಿದ್ದೆ ಎಂದೇ ತಿಳಿದಿದ್ದಾರೆ. ನಾನು ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ನೀನು 'ಬೇರೆಯಾಗಿದ್ದದ್ದು ಏನು' ಎಂದು ಬರೆದೆಯಲ್ಲ, ಆ ಸಾಲು ಓದುವವರೆಗೆ ನನಗೆ ಹೊಳೆದಿರಲಿಲ್ಲ. ಓದಿದ ಮೇಲೆ ಕೈಯಲ್ಲಿದ್ದ ಸೌಟು ಬಕೆಟ್ಟಿಗೆ ಬಿತ್ತು. ಆ ದಿನ ಬೇರೆಯಾಗಿದ್ದದ್ದು ಹೊಗೆ ಒಂದೇ. ತಾಮ್ರವನ್ನು ಕೆಂಪು ಮಾಡಿದ್ದೂ ಅದೇ, ಮಾವನನ್ನು ಕೆಡವಿದ್ದೂ ಅದೇ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನನ್ನೊಬ್ಬಳನ್ನೇ ಕರೆದು, "ಇದು ನಿದ್ದೆ ಅಲ್ಲಮ್ಮ, ವಿಷಗಾಳಿ. ಮರೆವು, ತಲೆನೋವು ಎಲ್ಲ ಅದರಿಂದ. ಇನ್ನೊಂದು ಸಲ ಆದರೆ ಏಳೋದು ಕಷ್ಟ" ಅಂದರು.

ನಮ್ಮದು ಕೈಯಿಂದ ಕಟ್ಟಿಗೆ ಹಾಕುವ ಭಟ್ಟಿ. ಯಾರಾದರೂ ಕೂರಲೇಬೇಕು. ಕೆಂಪು ಹೊಗೆಯಿಂದ ಬಂತು ಎಂದು ಹೇಳಿದರೆ ವಾರ ವಾರ ಹಲಗೆ ಇಳಿಸುತ್ತಾರೆ. ಮಾವ ಅಲ್ಲದಿದ್ದರೆ ಇನ್ಯಾರದೋ ಮನೆಯ ಮಾವ.

ಎರಡು ಪತ್ರದಲ್ಲಿ ಮಾವನ ವಿಷಯ ಬರೆದೆ. ಒಂದಕ್ಕೆ ನೀನು ಉತ್ತರವನ್ನೇ ಬರೆಯಲಿಲ್ಲ, ಇನ್ನೊಂದಕ್ಕೆ ಮಂತ್ರಿಗಳ ಜೋಕು ಬರೆದೆ. ಎಮ್ಮೆ ಏನಾಯಿತು ಎಂದು ಕೇಳದ ಆ ಊರಿನವರನ್ನು ಕಂಡು ನಗುವವನು ನೀನು.

ಅಕ್ಕ


ಏಪ್ರಿಲ್ 14

ಅಕ್ಕಾ,

ಏನು ಬರೆಯಲಿ. ಪತ್ರಗಳನ್ನು ತೆಗೆದು ಮತ್ತೆ ಓದಿದೆ. ತಲೆನೋವು ಅಲ್ಲೇ ಇದೆ, ಊಟ ಬಿಟ್ಟದ್ದು ಅಲ್ಲೇ ಇದೆ. ನಾನು ಕೆಂಪನ್ನು ಓದಿದೆ, ಉಳಿದದ್ದನ್ನು ದಾಟಿದೆ.

ನಾನೂ ಒಂದು ವಿಷಯ ನಿನಗೆ ಹೇಳಿರಲಿಲ್ಲ. ಅಂಕಣ ಯಾರೂ ಓದುತ್ತಿಲ್ಲ, ನಿಲ್ಲಿಸುತ್ತೇವೆ ಎಂದು ಸಂಪಾದಕರು ಹೊಸ ವರ್ಷಕ್ಕೇ ಹೇಳಿದ್ದರು. ಒಂದು ಒಳ್ಳೆಯ ಕಥೆ ಸಿಕ್ಕಿದರೆ ಉಳಿಯುತ್ತದೆ ಎಂದುಕೊಂಡೆ. ನಿನ್ನ ಮೌನವನ್ನೂ ಬಿಡದೆ ಅದನ್ನೇ ಕಥೆ ಮಾಡಿದೆ.

ಬರುವ ಭಾನುವಾರ, ನಾನು ಬರೆದದ್ದು ಸುಳ್ಳು, ಅಕ್ಕನಿಗೆ ಏನೂ ಗೊತ್ತಿಲ್ಲ ಎಂದು ಹಾಕಲಾ? ಅಥವಾ ಮಾಲೀಕರಿಗೇ ಬರೆಯಲಾ? ನೀನು ಹೇಳಿದ ಹಾಗೆ. ನೀನು ಹೇಳುವವರೆಗೆ ಪೆನ್ನು ಮುಟ್ಟುವುದಿಲ್ಲ.

ಗಿಣಿ


ಏಪ್ರಿಲ್ 28

ಗಿಣಿಗೆ,

ನೀನು ಹಾಕುವುದೂ ಬೇಡ, ಬರೆಯುವುದೂ ಬೇಡ. ಕೈ ಮೀರಿ ಹೋಗಿದೆ.

ಮಾಲೀಕರು ನನ್ನನ್ನು ಕರೆದು ಅಂದದ್ದನ್ನು ಯಾರೋ ಮಾವನಿಗೆ ಹೇಳಿದ್ದಾರೆ. ಮನೆಗೆ ಬಂದವರೇ, "ನನ್ನ ಸೊಸೆ ಕಳ್ಳಿನಾ? ಹೇಳು, ಏನು ಮುಚ್ಚಿಟ್ಟಿದೀಯ?" ಎಂದು ಎದುರು ಕೂತರು. ಅವರ ಕಣ್ಣು ನೋಡಿ ಸುಳ್ಳು ಬರಲಿಲ್ಲ. ಎಲ್ಲ ಹೇಳಿದೆ. ಹಲಗೆ, ಹೊಗೆ, ಡಾಕ್ಟರು. ಹೆದರುತ್ತಾರೆ ಎಂದುಕೊಂಡಿದ್ದೆ.

ಅವರು ನಕ್ಕರು ಗಿಣಿ. ಆ ಭಟ್ಟಿಯಾದ ಮೇಲೆ ಮೊದಲ ಸಲ ಬಾಯಿತುಂಬ ನಕ್ಕರು.

"ಹಂಗಾದ್ರೆ ಆ ಕೆಂಪು ನಂದು" ಅಂದರು.

"ಮಾವ, ನೀವು ಸಾಯ್ತಿದ್ರಿ."

"ಸತ್ತಿಲ್ವಲ್ಲಮ್ಮ. ಇಷ್ಟು ವರ್ಷ ಹಸಿರು ಬೇಯಿಸಿದೆ. ಮೆರುಗು ಬೆರೆಸಿದವರು ಯಾರು ಅಂತ ಕೇಳ್ತಾರೆ, ಮಾರಿದವರು ಯಾರು ಅಂತ ಕೇಳ್ತಾರೆ. ಬೇಯಿಸಿದವರು ಯಾರು ಅಂತ ಯಾವನಾದ್ರೂ ಕೇಳಿದಾನಾ?"

ಮರುದಿನ ನಾನು ಹೋಗುವಷ್ಟರಲ್ಲಿ ಮಾಲೀಕರ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಅದು ಅದೃಷ್ಟ ಅಲ್ಲ ಸ್ವಾಮಿ, ಬೆಂಕಿ ಕೆಲಸ. ನಾನು ಮಾಡಿದ್ದು. ಇನ್ನೊಂದು ಸಲ ಮಾಡಿ ತೋರಿಸ್ತೀನಿ." ಮಾಲೀಕರು ಅವರನ್ನು "ಅಜ್ಜಾರೇ" ಎಂದು ಕರೆಯುತ್ತಿದ್ದರು. ಇಷ್ಟು ದಿನ ಬರೀ "ಏ ಅಜ್ಜ". ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ. "ಬಾಗಿಲು ತೆಗೆದಿಟ್ಟರಾಯ್ತಲ್ಲಮ್ಮ" ಅಂದರು ಮಾಲೀಕರು. ಒಂದು ಸಲ ಬಂದರೆ ಆಮೇಲೆ ಪ್ರತಿ ವಾರವೂ ಕೆಂಪೇ ಅಂತೆ.

ಮುಂದಿನ ತಿಂಗಳ ಎರಡನೇ ವಾರಕ್ಕೆ ಗೊತ್ತಾಗಿದೆ. ಮಾವ ಈಗ ನೆಟ್ಟಗೆ ನಡೆಯುತ್ತಾರೆ. ಗುಂಡಿ ಸರಿಯಾಗಿ ಹಾಕಿಕೊಳ್ಳುತ್ತಾರೆ. ಅದನ್ನು ನೋಡಿದಾಗಲೇ ನನಗೆ ಹೆಚ್ಚು ಭಯ.

ಅಕ್ಕ


ಮೇ 2

ಅಕ್ಕಾ,

ಮಾವನವರನ್ನು ಬೆಂಕಿಯ ಹತ್ತಿರ ಬಿಡಬೇಡ. ಕೆಲಸ ಹೋದರೆ ಹೋಗಲಿ. ಇಬ್ಬರೂ ಇಲ್ಲಿಗೆ ಬನ್ನಿ. ನನ್ನದು ಒಂದೇ ಕೋಣೆ, ಆದರೆ ನಿಘಂಟಿನ ಕಂತೆಗಳನ್ನು ಹೊರಗೆ ಹಾಕಿದರೆ ಎರಡಾಗುತ್ತದೆ. ನಾನೇ ಬಂದು ಕರೆದುಕೊಂಡು ಹೋಗಲಾ?

ಮಾವನವರ ತಲೆನೋವು ಈಗ ಹೇಗಿದೆ? ಊಟ ಮಾಡುತ್ತಾರಾ?

ಗಿಣಿ


ಮೇ 16

ಗಿಣಿಗೆ,

ನಿನ್ನ ಪತ್ರ ಮಾವನಿಗೆ ಓದಿ ಹೇಳಿದೆ. "ಬೆಂಕಿ ಇಲ್ಲದ ಊರಿಗೆ ಬಂದು ನಾನೇನು ಪದ ಬೇಯಿಸಲಾ?" ಅಂದರು. ನಾನು ಬೇಡ ಎಂದಷ್ಟೂ ಅವರ ಹಟ ಹೆಚ್ಚಿತು. ಬಿಟ್ಟು ಹೋದರೆ ನಾನಿಲ್ಲದಾಗ ಹಲಗೆ ಇಳಿಸುವವರೇ. ಅದಕ್ಕೆ ನಾನು ಬೇಡ ಎನ್ನುವುದನ್ನು ನಿಲ್ಲಿಸಿದೆ. ಮೆರುಗು ನಾನೇ ಬೆರೆಸುತ್ತೇನೆ ಅಂದೆ. ಅವರಿಗೆ ಖುಷಿಯಾಯಿತು.

ಇದನ್ನು ಓದಿ ಒಲೆಗೆ ಹಾಕು. ತಾಮ್ರದ ಪುಡಿ ಕಪ್ಪು. ಇದ್ದಿಲು ಅರೆದರೆ ಅದೂ ಕಪ್ಪು. ನೀರಿಗೆ ಬಿದ್ದ ಮೇಲೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದ್ದಿಲು ಭಟ್ಟಿಯೊಳಗೆ ಉರಿದು ಗಾಳಿಯಾಗಿ ಹೋಗುತ್ತದೆ, ಬಣ್ಣ ಬಿಡುವುದಿಲ್ಲ. ನಾನು ಬಕೆಟ್ಟಿಗೆ ಒಂದು ಚಿಟಿಕೆ ತಾಮ್ರ ಹಾಕಿದೆ, ಉಳಿದದ್ದೆಲ್ಲ ಇದ್ದಿಲು. ಮಾಲೀಕರು ಬೇರೆಯವರ ಜೊತೆ ಮಾತಾಡುತ್ತಾ ನಿಂತಿದ್ದರು. ಮಾವ ಪಕ್ಕದಲ್ಲೇ ಇದ್ದರು.

ಬೆಂಕಿಯ ದಿನ ಬಾಗಿಲು, ಕಿಟಕಿ ಎಲ್ಲ ತೆಗೆಸಿದೆ. ಮಾವನೇ ಹಲಗೆ ಇಳಿಸಿದರು. ನಾನು ಅವರ ಪಕ್ಕದಲ್ಲೇ ಕೂತೆ. ಕಟ್ಟಿಗೆ ಹಾಕಿ ಹೊರಗೆ ಬರುವುದು, ಉಸಿರು ತೆಗೆದುಕೊಂಡು ಒಳಗೆ ಹೋಗುವುದು. ಅಷ್ಟಕ್ಕೇ ಅವರು ಗೋಡೆ ಹಿಡಿದು ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು, "ಬರ್ತಾ ಇದೆ ಕಣಮ್ಮ, ವಾಸನೆ ಗೊತ್ತಾಗುತ್ತೆ" ಅಂದರು. ಬರುವುದಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಆದರೂ ಅವರನ್ನು ಆ ಹೊಗೆಯಲ್ಲಿ ನಿಲ್ಲಿಸಿದೆ. ಇದೊಂದು ಸಲ ನಿಂತರೆ ಮತ್ತೆ ನಿಲ್ಲುವುದಿಲ್ಲ ಎಂಬ ಲೆಕ್ಕ ನನ್ನದು.

ಮೊನ್ನೆ ಭಟ್ಟಿ ಬಿಚ್ಚಿದರು. ಕಾರ್ಖಾನೆಯವರೆಲ್ಲ ಬಂದಿದ್ದರು. ಮಾವ ತೊಳೆದ ಶರ್ಟು ಹಾಕಿದ್ದರು. ಮೊದಲ ಸಾಲು ತೆಗೆದಾಗ ಬಂದದ್ದು ಉಜ್ಜದ ಹಲ್ಲಿನ ಬಣ್ಣ. ಎರಡನೆಯ ಸಾಲೂ ಅದೇ. ಮಾವ ಕೊನೆಯ ಸಾಲಿನವರೆಗೆ ತಾವೇ ಕೈ ಹಾಕಿ ತೆಗೆದರು. ಮಾಲೀಕರು, "ಹೋಗ್ಲಿ ಬಿಡಜ್ಜ, ಅದೃಷ್ಟ ಅಂದ್ರೆ ಹಂಗೇ" ಎಂದು ಹೊರಟುಹೋದರು. ಕಟ್ಟಡದವರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಹಸಿರೂ ಬರದಿದ್ದದ್ದು ಹೊಗೆಯಿಂದ ಎಂದುಕೊಂಡರು, ನನ್ನ ಮೇಲಿನ ಅನುಮಾನವೂ ಹೋಯಿತು.

ಆದರೆ ಮಾವ ಇನ್ನೂ ಯೋಚಿಸುತ್ತಿದ್ದಾರೆ. ಹಲಗೆ ಪೂರ್ತಿ ಇಳಿಯಲಿಲ್ಲವೇನೋ, ಬಾಗಿಲು ಹಾಕಿದ್ದರೆ ಬರುತ್ತಿತ್ತೇನೋ ಎನ್ನುತ್ತಾರೆ. ನನ್ನ ಮಾತು ಕೇಳುವುದಿಲ್ಲ. ಅಚ್ಚಾದದ್ದನ್ನು ಕೇಳುತ್ತಾರೆ. ಅದಕ್ಕೆ ನೀನು ಬರೆ. ಆ ಪದದ ಅರ್ಥ ಕಾರಣವಿಲ್ಲದೆ ಬರುವುದು, ಒಂದು ಸಲ ಬಂದದ್ದು ಮತ್ತೆ ಬರದು, ಮತ್ತೆ ಹುಡುಕಬಾರದು ಎಂದು ಬರೆ.

ಅಕ್ಕ


ಮೇ 25

ಅಕ್ಕಾ,

ಬರೆದೆ. ತುಂಡು ಇಟ್ಟಿದ್ದೇನೆ.

"…ಹಿಂದೊಮ್ಮೆ ಈ ಪದಕ್ಕೆ ಅರ್ಧ ಅದೃಷ್ಟ, ಅರ್ಧ ಕಣ್ಣು ಎಂದು ಒಬ್ಬರಿಗೆ ಹೇಳಿದ್ದೆ. ತಪ್ಪು. ಇದು ಪೂರ್ತಿ ಅದೃಷ್ಟ. ಇದಕ್ಕೆ ಕಾರಣ ಹುಡುಕುವುದು ನದಿಯಲ್ಲಿ ನಿನ್ನೆಯ ನೀರು ಹುಡುಕಿದ ಹಾಗೆ. ಅಕ್ಕನ ಬಾಯಿಗೆ ಬೀಗ ಎಂದು ಬರೆದಿದ್ದೆ. ಅದೂ ತಪ್ಪು. ಅವಳ ಬಳಿ ಹೇಳಲು ಏನೂ ಇರಲಿಲ್ಲ. ಬಂದದ್ದು ಬಂತು. ಕಂಡವರು ಭಾಗ್ಯವಂತರು."

ಪಂಡಿತರು ಪತ್ರಿಕೆ ಹಿಡಿದುಕೊಂಡು ಬಂದು, "ಅರ್ಥ ತಿಳಿಯದೆ ಬರೆದರೆ ಕ್ಷಮೆ ಇದೆ, ನೀನು ತಿಳಿದೂ ಬರೆದಿದ್ದೀಯ" ಅಂದರು. ಹೌದು ಅಂದೆ. ಯಾಕೆ ಎಂದು ಕೇಳಿದರು. ಹೇಳಲಿಲ್ಲ. ಈಗ ನನಗೂ ಬಾಯಿ ಚಿಕ್ಕದು ಮಾಡಿ ಮಾತಾಡಲು ಬರುತ್ತದೆ.

ನಿಘಂಟಿನಲ್ಲಿ ಮಾತ್ರ ಸರಿಯಾದ ಅರ್ಥವನ್ನೇ ಹಾಕಿದ್ದೇನೆ. ಉದಾಹರಣೆಯ ವಾಕ್ಯ ಹಾಕಿಲ್ಲ. ಮಾವನವರು ಓದಿದರಾ? ಏನೆಂದರು?

ಗಿಣಿ


ಜೂನ್ 6

ಗಿಣಿಗೆ ಅಕ್ಕನ ಆಶೀರ್ವಾದ.

ಎರಡು ಸಲ ಓದಿಸಿದರು. ಎರಡನೆಯ ಸಲ ಮುಗಿದ ಮೇಲೆ, "ದೊಡ್ಡ ನಿಘಂಟಿನವರೇ ಹೇಳಿದ ಮೇಲೆ ಮುಗೀತು" ಎಂದು ಕನ್ನಡಕ ತೆಗೆದು ಮಡಚಿಟ್ಟರು. ಅದಾದ ಮೇಲೆ ಹಲಗೆಯ ಮಾತು ಎತ್ತಿಲ್ಲ. ತಾವಾಗಿಯೇ ಬೆಂಕಿಯ ಕೆಲಸ ಬಿಟ್ಟರು. ಹೊಸಬರು ಬಂದಿದ್ದಾರೆ. ನಾನು ಹಟ ಹಿಡಿದು ಕೊಕ್ಕೆ ಹೊಸದು ಹಾಕಿಸಿದ್ದೇನೆ. ಮಾವ ಗೇಟಿಗೂ ಹೋಗಲಿಲ್ಲ. ಮನೆಯಲ್ಲೇ ಇದ್ದು ಕಟ್ಟಿಗೆ ಸೀಳುತ್ತಾರೆ, ಬೇಕಾದದ್ದಕ್ಕಿಂತ ಹೆಚ್ಚು. ನಡಿಗೆ ಮತ್ತೆ ಬಾಗಿದೆ. ಯಾರಾದರೂ ಕೆಂಪಿನ ವಿಷಯ ಎತ್ತಿದರೆ, "ನಮ್ಮದೇನಿದೆ ಅದರಲ್ಲಿ, ಬಂತು, ಹೋಯ್ತು" ಎನ್ನುತ್ತಾರೆ. ಹಾಗೆ ಅನ್ನಿಸಿದವಳು ನಾನು. ಅವರ ಜೀವ ಉಳಿಸಿಕೊಂಡೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡಾಗ ನಿಜವೇ ಅನ್ನಿಸುತ್ತದೆ. ಅವರು ಕಟ್ಟಿಗೆ ಸೀಳುವ ಸದ್ದು ಕೇಳಿದಾಗ ಅನ್ನಿಸುವುದಿಲ್ಲ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ತಲೆ ಎತ್ತದೆ ಕೇಳಿದರು.

"ಅವತ್ತು ಮೆರುಗು ಬೆರೆಸುವಾಗ ನಿನ್ನ ಕೈ ನಡುಗ್ತಾ ಇತ್ತಲ್ಲಮ್ಮ. ಯಾಕೆ?"

"ಭಯ ಆಗಿತ್ತು ಮಾವ."

"ಯಾವುದಕ್ಕೆ? ಕೆಂಪು ಬರಲ್ಲ ಅಂತಾನಾ, ಬರುತ್ತೆ ಅಂತಾನಾ?"

ನಾನು ಅವರ ಲೋಟಕ್ಕೆ ನೀರು ತುಂಬಿದೆ. ಅವರು ಅದನ್ನು ಕುಡಿದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ, "ಇರಲಿ, ಇನ್ನೊಂದು ಸ್ವಲ್ಪ ಬಡಿಸು" ಅಂದರು.

ಬಡಿಸಿದೆ. ಅವರು ಉಂಡರು.

ಅಕ್ಕ